ಮೊದಲ ಹೊಗೆ

ಆಲ್ಕೊಳದ ಬಯಲು, ಶಿವಮೊಗ್ಗ
೧೨ ನವೆಂಬರ್ ೧೯೩೧

ಚಿ. ಷಡಕ್ಷರಪ್ಪನಿಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ನಾಚಿಕೆಯಾಗಬೇಕು. ಎರಡನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಎತ್ತಿದರು, ನಾನು ಸ್ಲೇಟು ಎತ್ತಿದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಅಂದಿನಿಂದ ಹೇಳಬೇಕಾದ್ದನ್ನೆಲ್ಲ ಎದುರಿಗೆ ನಿಂತೇ ಹೇಳಿಕೊಂಡು ಬಂದವಳು ನಾನು. ನೀನು ಎದುರಿಗೆ ಸಿಕ್ಕರೆ ತಾನೆ? ಮಂಡಿ ಬೀದಿಯಲ್ಲಿ ಇಲಿ ಸತ್ತು ಬಿದ್ದ ಸುದ್ದಿ ಕೇಳಿದ್ದೇ ಹೆಂಡತಿ ಮಗಳನ್ನು ಕರೆದುಕೊಂಡು ಭದ್ರಾವತಿಯ ರೈಲು ಹತ್ತಿದವನು ಮತ್ತೆ ಈ ಕಡೆ ತಲೆ ಹಾಕಿಲ್ಲ. ನಿನ್ನ ಗುಮಾಸ್ತ ಹೂವಪ್ಪನಿಗೆ ಕಾಗದ ಬರೆ ಎಂದರೆ ನನ್ನ ಬೈಗುಳವನ್ನೆಲ್ಲ ಸೋಸಿ ತೆಗೆದು ಬರೀ ನಮಸ್ಕಾರ ಉಳಿಸುತ್ತಾನೆ. ಆದ್ದರಿಂದ ನಾನೇ ಕುಳಿತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸೊಟ್ಟಗೇ ಓದು.

ಸೂಜಿಯ ಅಕ್ಕಿಯನ್ನು ಯಾಕೆ ನಿಲ್ಲಿಸಿದೆ?

ಪ್ಲೇಗಿನ ಸೂಜಿ ಹಾಕಿಸಿಕೊಂಡ ಹಮಾಲನಿಗೆ ಎರಡು ದಿನ ಜ್ವರ ಬರುತ್ತದೆ, ತೋಳು ಊದುತ್ತದೆ, ಮೂಟೆ ಎತ್ತಲಾಗುವುದಿಲ್ಲ. ಆ ದಿನಗಳ ಅಕ್ಕಿಯನ್ನು ಮಂಡಿಯೇ ಕೊಡಬೇಕೆಂದು ಅಪ್ಪ ಕಟ್ಟು ಮಾಡಿದ್ದ. ಪ್ಲೇಗಿಗೆ ಊರು ಬಿಟ್ಟಾಗ ಬಯಲಿನಲ್ಲಿ ಷೆಡ್ಡು ಹಾಕಲು, ಈಗ ಹಮಾಲರೂ ನಾನೂ ಇರುವ ಈ ತಗಡು ಕೊಂಡವನೂ ಅವನೇ. ಧರ್ಮಕ್ಕಾಗಿ ಕೊಂಡವನಲ್ಲ. ಮೊದಲನೇ ಪ್ಲೇಗಿನಲ್ಲಿ ವರ್ತಕರೆಲ್ಲ ಹಮಾಲರನ್ನು ಬೀದಿಯಲ್ಲೇ ಬಿಟ್ಟು ಓಡಿಹೋದರು. ತಿರುಗಿ ಬಂದಾಗ ಮೂಟೆ ಎತ್ತಲು ಬೆನ್ನುಗಳೇ ಉಳಿದಿರಲಿಲ್ಲ. ಅಪ್ಪನಿಗೆ ಆಗ ಬುದ್ಧಿ ಬಂತು. ನಿನಗೆ ಇದ್ದ ಬುದ್ಧಿಯೂ ಹೋಗಿದೆ. ಅಕ್ಕಿ ಇಲ್ಲ ಎಂದ ಕೂಡಲೇ ನಮ್ಮ ಹಮಾಲರು ಸೂಜಿಯೂ ಬೇಡ ಎಂದರು. ಉಪವಾಸಕ್ಕೆ ಯಾರು ತೋಳು ಕೊಡುತ್ತಾರೆ? ಸೂಜಿಯವನು ಪೆಟ್ಟಿಗೆ ಮುಚ್ಚಿಕೊಂಡು ಹೋದ.

ಇದು ಸಾಲದು ಎಂದು ಮೊನ್ನೆ ಹೂವಪ್ಪ ಗಾಡಿ ತಂದು ನಿಲ್ಲಿಸಿ, ಬೀದಿಗೆ ಹೋಗಿ ಗೋದಾಮಿನ ಭತ್ತ ತುಂಬಿಕೊಂಡು ಬನ್ನಿ ಎಂದ. "ಹಗಲು ಹೊತ್ತು ಹೋಗಿ ಸಂಜೆಗೆ ಬಂದ್ರೆ ಪ್ಲೇಗು ಅಂಟಲ್ವಂತೆ. ಯಜಮಾನ್ರೇ ಹೇಳಿದಾರೆ."

ಹಮಾಲರ ಮೇಸ್ತ್ರಿ ಕರಿಯಣ್ಣ ಬೀಡಿ ಕಚ್ಚಿಕೊಂಡೇ, "ಹಂಗಾದ್ರೆ ಯಜಮಾನ್ರೂ ಹಗಲು ಹೊತ್ತೇ ಬರ್ಲಿ ಬಿಡಿ ಮಾರಾಯ್ರೆ. ಎಲ್ಡು ಮೂಟೆ ಹೊತ್ತು ಸಂಜೆ ರೈಲಿಗೆ ಹೋಗ್ಲಿ," ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೂವಪ್ಪ ಗಾಡಿಯಿಂದ ಬಾರುಕೋಲು ಎಳೆದು ಕರಿಯಣ್ಣನ ಮುಖಕ್ಕೆ ಬೀಸಿದ. ಹುಬ್ಬು ಸೀಳಿ ಕಣ್ಣಿನೊಳಗೆ ರಕ್ತ ಇಳಿಯಿತು. ಎರಡನೇ ಏಟಿಗೆ ಕೈ ಎತ್ತುವಷ್ಟರಲ್ಲಿ ನಾನು ಕೋಲು ಕಿತ್ತುಕೊಂಡು ಅದರ ಹಿಡಿಯಿಂದ ಅವನ ಬಾಯಿಗೆ ಕೊಟ್ಟೆ. ಅವನ ಮುಂದಿನ ಹಲ್ಲು ನನ್ನ ಷೆಡ್ಡಿನ ಬಾಗಿಲಲ್ಲಿ ಬಿತ್ತು. ಬಾರುಕೋಲು ನನ್ನ ಹತ್ತಿರವೇ ಇದೆ. ಬೇಕಾದರೆ ನೀನೇ ಬಂದು ತೆಗೆದುಕೊಂಡು ಹೋಗು.

ಅಕ್ಕಿ ಕಳಿಸು. ಸೂಜಿಯವನನ್ನು ಮತ್ತೆ ಕರೆಸು.

ನಿನ್ನ ಅಕ್ಕ,
ಜಗದಾಂಬಾ


ಭದ್ರಾವತಿ
೧೯ ನವೆಂಬರ್ ೧೯೩೧

ಮಾತೃಸಮಾನರಾದ ಅಕ್ಕನವರಿಗೆ ಷಡಕ್ಷರಪ್ಪನ ಶರಣಾರ್ಥಿಗಳು.

ತಮ್ಮ ಕಾಗದ ತಲುಪಿತು. ತಾವು ಹೂವಪ್ಪನ ಮೇಲೆ ಕೈ ಮಾಡಿದ್ದು ನಮ್ಮ ಮನೆತನಕ್ಕೆ ಶೋಭಿಸುವಂಥದ್ದಲ್ಲ. ಹಿರಿಯರೆಂದು ಸುಮ್ಮನಿದ್ದೇನೆ.

ಸೂಜಿಯ ಅಕ್ಕಿಯನ್ನು ಈ ವರ್ಷ ಬೀದಿಯ ಯಾವ ಮಂಡಿಯವರೂ ಕೊಡುತ್ತಿಲ್ಲ. ನಾವೊಬ್ಬರೇ ಕೊಟ್ಟರೆ ಉಳಿದವರಿಗೆ ಇರುಸುಮುರುಸಾಗುತ್ತದೆ. ಪ್ಲೇಗು ಈಗ ಅಪ್ಪನ ಕಾಲದಲ್ಲಿದ್ದಂತೆ ಹೊಸ ರೋಗವಲ್ಲ. ವರ್ಷವರ್ಷವೂ ಬರುತ್ತದೆ, ಹೋಗುತ್ತದೆ. ಅದಕ್ಕೆ ಹೆದರಿ ವ್ಯಾಪಾರ ನಿಲ್ಲಿಸಿ ಕೂರಲಾಗದು. ಅದರ ಜೊತೆಯಲ್ಲೇ ಬಾಳುವುದನ್ನು ಜನ ರೂಢಿ ಮಾಡಿಕೊಳ್ಳಬೇಕು. ಹೊಸ ಭತ್ತ ಬರುವ ಕಾಲ. ಇಲ್ಲಿ ಕಾರ್ಖಾನೆಯ ಜನಕ್ಕೆ ಅಕ್ಕಿ ಒದಗಿಸುವುದಾಗಿ ಮಾತು ಕೊಟ್ಟಿದ್ದೇನೆ.

ತಾವು ಆ ಬಯಲಿನ ಚಳಿಯಲ್ಲಿ ಇರುವುದೇಕೆ? ಇಲ್ಲಿಗೆ ಬನ್ನಿ. ಇಲ್ಲಿ ನಾವೆಲ್ಲ ಸೂಜಿ ಹಾಕಿಸಿಕೊಂಡೆವು. ದಾಕ್ಷಾಯಣಿಗೆ ಒಂದು ದಿನ ಮೈ ಬೆಚ್ಚಗಿತ್ತು, ಹಾಲು ಅನ್ನ ಉಣಿಸಿ ಮಲಗಿಸಿದೆವು, ಇಳಿಯಿತು. "ಅತ್ತೆ ಯಾವಾಗ ಬರ್ತಾರೆ" ಎಂದು ದಿನವೂ ಕೇಳುತ್ತಾಳೆ. ರೈಲಿನಲ್ಲಿ ಬರುವ ಕೂಲಿಯವರನ್ನು ಇಳಿಸಿ ಕಂಕುಳು, ತೊಡೆ ಮುಟ್ಟಿ ಗಂಟು ಇದೆಯೇ ಎಂದು ನೋಡುತ್ತಾರೆ. ತಮಗೆ ಆ ತೊಂದರೆಯಿಲ್ಲ. ತಪಾಸಣೆಯವನು ನಮ್ಮ ಪರಿಚಯದವನು, ನನ್ನ ಹೆಸರು ಹೇಳಿದರೆ ಸಾಕು.

ಬರುವ ಮೊದಲು ಒಂದು ಉಪಕಾರವಾಗಬೇಕು. ತಮ್ಮ ಒಲೆಯ ಹೊಗೆ ಕಾಣದೆ ಹಮಾಲರು ಬೀದಿಗೆ ಕಾಲಿಡುವುದಿಲ್ಲ ಎಂಬುದು ತಮಗೆ ತಿಳಿದೇ ಇದೆ. ಮುಂದಿನ ತಿಂಗಳೊಳಗೆ ಮಂಡಿ ಬೀದಿಯ ಮನೆಗೆ ಹೋಗಿ ಹಾಲು ಉಕ್ಕಿಸಿದರೆ ಎಲ್ಲರಿಗೂ ಅನುಕೂಲ.

ತಮ್ಮ ತಮ್ಮ,
ಷಡಕ್ಷರಪ್ಪ


ಆಲ್ಕೊಳದ ಬಯಲು
೪ ಡಿಸೆಂಬರ್ ೧೯೩೧

ಷಡಕ್ಷರಪ್ಪನಿಗೆ,

ಆಗುವುದಿಲ್ಲ.

ಕಾಗದ ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನಿನ್ನೆ ನೀನು ಕಳಿಸಿದ ಜನರ ಬಗ್ಗೆ ಬರೆಯದೆ ಇರಲಾರೆ.

ಮೊದಲು ಹಾಲಿನ ಮಾತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಮುತ್ತೈದೆ ಬೇಕು. ಮದುವೆ ಮನೆಯಲ್ಲಿ ನಾನು ಹಿಂದಿನ ಬಾಗಿಲಲ್ಲಿ ಕೂರಬೇಕು. ಆದರೆ ಪ್ಲೇಗು ಹೊಕ್ಕ ಬೀದಿಗೆ ಹಸುವಿನ ಹಿಂದೆ ಮೊದಲ ಹೆಜ್ಜೆ ಇಡುವುದು, ಮುಚ್ಚಿದ ಮನೆಯ ಒಲೆಗೆ ಮೊದಲ ಬೆಂಕಿ ಹಾಕುವುದು ಮಾತ್ರ ಮನೆಯ ಹಿರಿಯ ವಿಧವೆಯ ಪಾಲು. ಯಾಕೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ನನಗೆ ಏನಾದರೂ ಆದರೆ ಯಾರಿಗೂ ನಷ್ಟವಿಲ್ಲ. ಅದಕ್ಕೆ ನಾನು ಅತ್ತವಳಲ್ಲ. ಮೂರು ಪ್ಲೇಗಿನಲ್ಲಿ ಹೋಗಿದ್ದೇನೆ, ಬಂದಿದ್ದೇನೆ. ಆದರೆ ನಾನು ಹೋದದ್ದು ಹೆಂಚು ತೆಗೆಸಿ ಗೋದಾಮಿಗೆ ಬಿಸಿಲು ಬಿಟ್ಟ ಮೇಲೆ, ಡಾಕ್ಟರು ಒಳಗೆಲ್ಲ ನೋಡಿದ ಮೇಲೆ. ನೀನು ಹೆಂಚಿಗೆ ಕೈ ಹಚ್ಚಿಲ್ಲ. ಇಬ್ಬನಿಗೆ ಭತ್ತ ಮುಗ್ಗಾಗುತ್ತದೆ ಎಂದು ನಿನ್ನ ಹೆದರಿಕೆ. ಹಮಾಲರ ಸಾಲುಮನೆಗಳಿಗೂ ನಿನ್ನ ಗೋದಾಮಿಗೂ ಒಂದೇ ಗೋಡೆ ಎಂಬುದು ಮರೆತುಹೋಗಿದೆಯೇ?

ಭದ್ರಾವತಿಗೆ ಬಾ ಎಂದಿದ್ದೀಯ. ಹಮಾಲರು ಊರು ಸೇರುವ ತನಕ ಮಂಡಿಯ ಮನೆಯವರೊಬ್ಬರು ಬಯಲಿನಲ್ಲಿ ಇರಬೇಕು. ಅದೂ ಅಪ್ಪನ ಕಟ್ಟೇ. ನೀನು ಇರಲಿಲ್ಲ, ನಾನಿದ್ದೇನೆ.

ಇನ್ನು ನಿನ್ನೆಯದು. ನೀನು ಸಂಬಳಕ್ಕೆ ಇಟ್ಟ ಗರಡಿಯ ಜನ ಗಾಡಿ ಹೊಡೆದುಕೊಂಡು ಬಂದು, "ತಗಡು ಬಿಚ್ಚಿ ಅಂತ ಯಜಮಾನ್ರ ಅಪ್ಪಣೆ," ಎಂದರು. ಒಳಗೆ ಜನ ಇದ್ದಾರೆ ಎಂದೆ. "ಜನಾನ ನೀವು ತಗೀರಿ, ತಗಡನ್ನ ನಾವು ತಗೀತೀವಿ," ಎಂದ ಅವರಲ್ಲೊಬ್ಬ. ಹೇಳಿ ಮುಗಿಯುವ ಮೊದಲೇ ಇಬ್ಬರು ಮೇಲೆ ಹತ್ತಿದ್ದರು. ಮುದುಕ ಪುಟ್ಟಯ್ಯ ಜ್ವರವೆಂದು ಒಳಗೆ ಮಲಗಿದ್ದ. ಮೇಲಿನಿಂದ ತಗಡು ಜಾರಿ ಅವನ ಕಿವಿಯ ಮೇಲೆ ಬಿತ್ತು. ಅರ್ಧ ಕಿವಿ ತಗಡಿಗೆ ಅಂಟಿಕೊಂಡು ಗಾಡಿಗೆ ಹೋಯಿತು. ಅವನು ಕಿವಿ ಇದ್ದ ಜಾಗವನ್ನು ಕೈಯಿಂದ ಹುಡುಕುತ್ತಿದ್ದ.

ಆಮೇಲೆ ಯಾರು ಯಾರಿಗೆ ಹೊಡೆದರು ಎಂದು ಕೇಳಬೇಡ. ಹಮಾಲರ ಕೈಯಲ್ಲಿ ಮೂಟೆ ಎಳೆಯುವ ಕೊಕ್ಕೆ ಇತ್ತು. ಗರಡಿಯವನೊಬ್ಬನ ತೊಡೆಗೆ ಅದು ಇಳಿದು ಹೊರಗೆ ಬರಲಿಲ್ಲ, ಕೊಕ್ಕೆಯ ಸಮೇತವೇ ಗಾಡಿ ಹತ್ತಿದ. ಕರಿಯಣ್ಣನ ಹೆಂಡತಿ ಪ್ರೇಮಮ್ಮ ತುಂಬಿದ ಬಸುರಿ, ಏಳಲಾರದವಳು ಎದ್ದುನಿಂತು, ಒಲೆಯ ಮೇಲಿದ್ದ ಕುದಿಯುವ ಅಂಬಲಿಯನ್ನು ಮಡಕೆ ಸಮೇತ ಇನ್ನೊಬ್ಬನ ಎದೆಗೆ ಸುರಿದಳು. ಅವನು ಅರಚುತ್ತ ಆಲ್ಕೊಳದ ಕೆರೆಯ ಕಡೆಗೆ ಓಡಿದ.

"ಗರಡಿ ಮೈಗೆ ಅಂಬ್ಲಿ ಒಗ್ಗಲಿಲ್ಲ ಕಣ್ರೀ ಅಮ್ಮೋರೆ," ಎಂದಳು. "ಇವ್ರಿಗೆ ಬಾದಾಮಿ ಹಾಲೇ ಆಗ್ಬೇಕು."

ಬಿಚ್ಚಿದ ತಗಡು ಬಿಟ್ಟು ಉಳಿದದ್ದು ಇಲ್ಲೇ ಇದೆ. ಮುಟ್ಟಬೇಡ.

ಅಕ್ಕ,
ಜಗದಾಂಬಾ


ಭದ್ರಾವತಿ
೧೪ ಡಿಸೆಂಬರ್ ೧೯೩೧

ಅಕ್ಕನವರಿಗೆ ಶರಣಾರ್ಥಿಗಳು.

ನಡೆದದ್ದಕ್ಕೆ ನೊಂದಿದ್ದೇನೆ. ಗರಡಿಯವರು ನನ್ನ ಮಾತನ್ನು ಮೀರಿ ನಡೆದುಕೊಂಡಿದ್ದಾರೆ. ಅವರನ್ನು ಬಿಡಿಸಿದ್ದೇನೆ. ಪುಟ್ಟಯ್ಯನ ಔಷಧಿಗೆ ಹೂವಪ್ಪನಿಗೆ ಹೇಳಿದ್ದೇನೆ.

ಇಲ್ಲಿ ಕೇಳಿ. ದೀಪಾವಳಿ ಕಳೆದ ಮೇಲೆ ಬೀದಿಯಲ್ಲಿ ಒಂದು ಇಲಿಯೂ ಬಿದ್ದಿಲ್ಲ. ಡಾಕ್ಟರು ಬಂದು ನೋಡಿ ಶುದ್ಧವಾಗಿದೆ ಎಂದಿದ್ದಾರೆ. ಗೋದಾಮಿಗೆ ಸುಣ್ಣ ಹೊಡೆಸಿದ್ದೇನೆ. ತಮಗೆ ನನ್ನ ಮೇಲೆ ನಂಬಿಕೆ ಹೋಗಿದೆ ಎಂದು ಬಲ್ಲೆ. ತಾಯಿ ಹೋದ ಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆಳೆಸಿದವರು ತಾವು. ಈಗ ಎಡಗೈಯಲ್ಲಿ ಕೊರಳ ಲಿಂಗವನ್ನು ಹಿಡಿದು ಬಲಗೈಯಲ್ಲಿ ಈ ಸಾಲು ಬರೆಯುತ್ತಿದ್ದೇನೆ: ಬೀದಿ ಶುದ್ಧವಾಗಿದೆ.

ಬರುವ ಸೋಮವಾರ ಒಳ್ಳೆಯ ದಿನ.

ತಮ್ಮ ಮಗನಂಥ ತಮ್ಮ,
ಷಡಕ್ಷರಪ್ಪ


ಮಂಡಿ ಬೀದಿ, ಶಿವಮೊಗ್ಗ
೨೨ ಡಿಸೆಂಬರ್ ೧೯೩೧

ಷಡಕ್ಷರಿ,

ನೀನು ಲಿಂಗ ಹಿಡಿದು ಬರೆದ ಮೇಲೆ ನಾನು ಇನ್ನೇನು ಕೇಳಲಿ. ನಿನ್ನೆ ಬೆಳಿಗ್ಗೆ ಹೋದೆ.

ಹಸುವನ್ನು ಮುಂದೆ ಬಿಟ್ಟೆ. ಹಮಾಲರೆಲ್ಲ ಹೆಂಡಿರು ಮಕ್ಕಳು ಗಂಟುಮೂಟೆ ಸಮೇತ ಬೀದಿಯ ತುದಿಯ ಅರಳಿಕಟ್ಟೆಯ ಹತ್ತಿರವೇ ನಿಂತರು. ಒಬ್ಬರೂ ಮುಂದೆ ಬರಲಿಲ್ಲ. ಹಸು ನಮ್ಮ ಹೊಸ್ತಿಲ ಮೇಲೆಯೇ ಸೆಗಣಿ ಹಾಕಿತು. ಅಲ್ಲಿಂದಲೇ ಪ್ರೇಮಮ್ಮ, "ಒಳ್ಳೆ ಶಕುನ ಕಣ್ರೀ, ಯಜಮಾನ್ರಿಗೆ ಬರೀರಿ," ಎಂದು ಕೂಗಿದಳು. ಬರೆದಿದ್ದೇನೆ.

ಸೌದೆ ಹಸಿಯಿತ್ತು, ಬೇಗ ಹತ್ತಲಿಲ್ಲ. ಕಣ್ಣೆಲ್ಲ ನೀರಾಗಿ ಊದಿ ಊದಿ ಹಾಲು ಉಕ್ಕಿಸಿದೆ. ಹೆಂಚಿನ ಸಂದಿಯಿಂದ ಹೊಗೆ ಎದ್ದದ್ದು ನನಗೆ ಕಾಣಲಿಲ್ಲ, ಹೊರಗೆ ಗದ್ದಲವಾದಾಗ ತಿಳಿಯಿತು. ಹೊರಗೆ ಬಂದು ನೋಡಿದರೆ ಮಕ್ಕಳು ಬೀದಿಯ ತುಂಬ ಓಡುತ್ತಿವೆ. ಕರಿಯಣ್ಣ ಹೆಂಡತಿಯನ್ನು ಗಾಡಿಯಿಂದ ಇಳಿಸಿ, ತಮ್ಮ ಮನೆಯ ಬಾಗಿಲನ್ನು ಕಾಲಿನಿಂದ ಒದ್ದು ತೆಗೆದ. ನಾನು ಬೈದೆ. ಅವನು ನಕ್ಕ. ಹುಬ್ಬಿನ ಮೇಲಿನ ಗಾಯದ ಕಲೆ ಇನ್ನೂ ಕೆಂಪಗಿದೆ. ಉಕ್ಕಿದ ಹಾಲನ್ನು ಎಲ್ಲರ ಕೈಗೂ ಒಂದೊಂದು ಗುಟುಕು ಹಾಕಿದೆ.

ಎರಡು ಮಾತು ಕೇಳಬೇಕಾಗಿದೆ. ಗೋದಾಮಿನ ಗೋಡೆಗೆ ಕೆಳಗಿನಿಂದ ಸೊಂಟದ ಮಟ್ಟಕ್ಕೆ ಮಾತ್ರ ಹೊಸ ಸುಣ್ಣವಿದೆ, ಮೇ‌ಲೆ ಹಳೆಯದೇ. ಯಾಕೆ? ಸುಣ್ಣದ ವಾಸನೆಯ ಕೆಳಗೆ ಇನ್ನೊಂದು ವಾಸನೆಯೂ ಬರುತ್ತಿದೆ. ಹೂವಪ್ಪ ಅದನ್ನು ಮುಗ್ಗಿದ ಭತ್ತ ಎನ್ನುತ್ತಾನೆ. ಎರಡನೆಯದು, ನಾವು ಈ ಕಡೆ ಹೊರಟದ್ದೇ ಆ ಕಡೆ ನಿನ್ನ ಗಾಡಿಗಳು ಬಯಲಿಗೆ ಹೋಗಿ ತಗಡು, ಕಂಬ ಎಲ್ಲವನ್ನೂ ಸ್ಟೇಷನ್ನಿಗೆ ಸಾಗಿಸಿವೆ. ಹೊಗೆ ಆರುವ ತನಕವೂ ಕಾಯಲಾಗಲಿಲ್ಲವೇ? ಅಷ್ಟು ಅವಸರ ಯಾಕೆ?

ದಾಕ್ಷಾಯಣಿಗೆ ಕೊಬ್ಬರಿ ಮಿಠಾಯಿ ಮಾಡಿ ಕಳಿಸುತ್ತೇನೆ.

ನಿನ್ನ ಅಕ್ಕ,
ಜಗದಾಂಬಾ


ತುಂಗಾ ದಡ, ಶಿವಮೊಗ್ಗ
೩ ಜನವರಿ ೧೯೩೨

ಷಡಕ್ಷರಪ್ಪ,

ಲಿಂಗ ಹಿಡಿದ ಆ ಕೈ ಇನ್ನೂ ಮೈಗೆ ಅಂಟಿಕೊಂಡೇ ಇದೆಯೇ?

ಮೊದಲು ಹೋದವನು ಪುಟ್ಟಯ್ಯ. ಕಿವಿಯ ಗಾಯದಿಂದ ಸತ್ತ ಎಂದು ಹೂವಪ್ಪ ಎಲ್ಲರಿಗೂ ಹೇಳಿದ. ಆಮೇಲೆ ಅವನ ಪಕ್ಕದ ಮನೆಯ ತಾಯಿ ಮಗಳು. ಅವರಿಗೂ ಕಿವಿಯ ಗಾಯವೇ? ಸಾಲುಮನೆಯಲ್ಲಿ ಗೋದಾಮಿನ ಗೋಡೆಗೆ ಒರಗಿ ಮಲಗುತ್ತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಮಲಗಿದರು. ಪ್ರೇಮಮ್ಮನಿಗೆ ತೊಡೆಯ ಸಂದಿಯಲ್ಲಿ ಗಂಟು ಎದ್ದ ದಿನವೇ ನೋವು ಶುರುವಾಯಿತು. ಸೂಲಗಿತ್ತಿ ಬಾಗಿಲ ತನಕ ಬಂದು, ಗಂಟು ಎಂದು ಕೇಳಿದ್ದೇ ಹಿಂತಿರುಗಿದಳು. ನಾನೇ ಕೈ ಹಾಕಿದೆ. ನನಗೆ ಆ ಕೆಲಸ ಗೊತ್ತಿಲ್ಲ. ಮಗುವಿನ ಒಂದು ಕೈ ಹೊರಗೆ ಬಂತು, ಉಳಿದದ್ದು ಬರಲಿಲ್ಲ. "ಅಮ್ಮೋರೆ, ನಿಮ್ ಕೈ ತಣ್ಣಗೈತೆ," ಎಂದಳು. ಅದೇ ಕಡೆಯ ಮಾತು. ಕೈ ತಣ್ಣಗಿರಲಿಲ್ಲ, ಅವಳ ಮೈ ಸುಡುತ್ತಿತ್ತು. ತಾಯಿ ಮಗು ಇಬ್ಬರನ್ನೂ ಒಂದೇ ಗುಣಿಯಲ್ಲಿ ಇಟ್ಟೆವು.

ಕರಿಯಣ್ಣ ಮಣ್ಣು ಹಾಕಿ ಬಂದು ನನ್ನ ಎದುರು ಕುಳಿತ. "ನಿಮ್ ಹೊಗೆ ನೋಡ್ಕಂಡು ಬಂದ್ವಿ ಅಮ್ಮೋರೆ," ಎಂದ. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಳಿದವರನ್ನು ಕಟ್ಟಿಕೊಂಡು ಆಲ್ಕೊಳದ ಬಯಲಿಗೆ ಓಡಿದೆವು. ಅಲ್ಲಿ ಕಂಬ ನೆಟ್ಟ ಗುಣಿಗಳು ಮಾತ್ರ ಇದ್ದವು. ಎದುರಿಗೆ ಎಣ್ಣೆ ವ್ಯಾಪಾರದ ಸುಬ್ಬಪ್ಪನವರ ಕುಟುಂಬದ ಬಿಡಾರ ಇತ್ತು, ಅವರ ತಗಡು ಅವರ ತಲೆಯ ಮೇಲೆಯೇ ಇದೆ. ಬಾವಿಗೆ ನೀರಿಗೆ ಹೋದ ನಮ್ಮ ಹಮಾಲ ಹೊನ್ನಯ್ಯನನ್ನು ಅವರ ಆಳುಗಳು, ಮಂಡಿ ಬೀದಿಯ ಸೋಂಕು ತಂದ ಎಂದು ದೊಣ್ಣೆಯಿಂದ ಬಡಿದರು. ಅವನ ತಲೆಬುರುಡೆ ಒಡೆದ ಸದ್ದು ನಾನು ನಿಂತಲ್ಲಿಗೂ ಕೇಳಿಸಿತು. ಕೊಡ ಒಡೆಯಿತು ಎಂದುಕೊಂಡಿದ್ದೆ. ಕೊಡ ಅವನ ಕೈಯಲ್ಲಿ ಹಾಗೇ ಇತ್ತು.

ಹೊನ್ನಯ್ಯನನ್ನು ಗಾಡಿಯಲ್ಲಿ ಹಾಕಿಕೊಂಡು, ಬೇರೆ ದಾರಿ ಕಾಣದೆ ಬೀದಿಗೆ ತಿರುಗಿ ಬಂದಾಗ ಹೂವಪ್ಪ ಗೋದಾಮಿನ ಬಾಗಿಲಲ್ಲಿ ಬಾಡಿಗೆಯ ಜನರಿಂದ ಭತ್ತ ಅಳೆಸುತ್ತಿದ್ದ. ಹಸಿದವನ ಹಾಗೆ ಕರಿಯಣ್ಣ ಅವನ ಮೇಲೆ ಬಿದ್ದ. ಹೆಗಲಿಗೆ ಕೊಕ್ಕೆ ಸಿಕ್ಕಿಸಿ, ಮೂಟೆ ಎಳೆಯುವಂತೆ ಎಳೆದುಕೊಂಡು ಒಳಗೆ ಹೋದ. ಬಾಡಿಗೆಯ ಜನ ಓಡಿಹೋದರು. ನಾನು ಹಿಂದೆಯೇ ಹೋದೆ. "ಸುಣ್ಣ ಕೆರಿ," ಎಂದ ಕರಿಯಣ್ಣ. ಹೂವಪ್ಪ ಉಗುರಿನಿಂದ ಕೆರೆದ. ಗೋಡೆಯ ಬುಡದಲ್ಲಿ ಬಿಲ ಬಿಲಕ್ಕೂ ಸತ್ತ ಇಲಿಗಳನ್ನು ತುರುಕಿ ಮೇಲೆ ಸುಣ್ಣ ಮೆತ್ತಿದ್ದರು. ಒಂದು ಕಡೆ ಕೆರೆದರೆ ಬಾಲ, ಇನ್ನೊಂದು ಕಡೆ ಕೆರೆದರೆ ಹಲ್ಲು.

"ನಂದೇನಿಲ್ಲ ಅಕ್ಕಾರೆ," ಎಂದು ಅತ್ತ. "ಬಿದ್ದಿದ್ನೆಲ್ಲ ಭತ್ತ ಬೇಯಿಸೋ ಒಲೆಗೆ ಹಾಕು, ಮಿಕ್ಕಿದ್ದನ್ನ ಮುಚ್ಚು, ಡಾಕ್ಟ್ರು ಬಂದ್ರೆ ಮುಂದ್ಗಡೆ ಮನೆ ಅಷ್ಟೇ ತೋರ್ಸು ಅಂತ ಯಜಮಾನ್ರು ಹೇಳಿದ್ರು. ನಾನು ಸಂಬಳದೋನು."

ಹಾಗಾದರೆ ಈ ವರ್ಷ ಬೀದಿಯ ಮೊದಲ ಹೊಗೆ ನನ್ನದಲ್ಲ, ಇಲಿಯದು.

ಕರಿಯಣ್ಣ ಕೊಕ್ಕೆಯನ್ನು ಹೆಗಲಿನಿಂದ ಕಿತ್ತು ಅವನ ಕೆನ್ನೆಗೆ ಹಾಕಿದ. ಆಮೇಲೆ ಮೇಲಕ್ಕೆ ಎಳೆದ. ಹೂವಪ್ಪ ನನ್ನ ಕಾಲು ಹಿಡಿದುಕೊಂಡ. ನಾನು ಬಿಡಿಸಲಿಲ್ಲ. ಒಂದು ಕಣ್ಣು ಹೋದ ಮೇಲೆ "ಸಾಕು" ಎಂದೆ. ಮೊದಲೇ ಎನ್ನಬಹುದಿತ್ತು, ಎನ್ನಲಿಲ್ಲ. ಗೋದಾಮಿನ ಬೀಗದ ಕೈಯನ್ನು ಅವನ ಸೊಂಟದಿಂದ ನಾನೇ ಬಿಚ್ಚಿಕೊಂಡೆ.

ಈಗ ಉಳಿದವರೆಲ್ಲ ತುಂಗೆಯ ಮರಳಿನ ಮೇಲೆ ಇದ್ದೇವೆ. ಸೀರೆ ಪಂಚೆ ಕಟ್ಟಿ ಮರೆ ಮಾಡಿಕೊಂಡಿದ್ದೇವೆ. ನದಿಯ ಚಳಿಗೆ ಅವು ಏನೂ ಅಲ್ಲ. ಹೊನ್ನಯ್ಯ ಈ ಬೆಳಿಗ್ಗೆ ತೀರಿಕೊಂಡ. ತಗಡು ವಾಪಸ್ಸು ಕಳಿಸು. ಡಾಕ್ಟರನ್ನು ಕರೆಸಿ, ನಿಜ ಹೇಳು. ಸೂಜಿ ಹಾಕಿಸು, ಅಕ್ಕಿ ಕೊಡು. ಇನ್ನೂ ಗಂಟು ಏಳದ ಮಕ್ಕಳಿದ್ದಾರೆ.

ಜಗದಾಂಬಾ


ಭದ್ರಾವತಿ
೬ ಜನವರಿ ೧೯೩೨
(ಕಾರ್ಡು)

ಅಕ್ಕನವರಿಗೆ,

ಹೂವಪ್ಪ ಆಸ್ಪತ್ರೆಯಲ್ಲಿದ್ದಾನೆ. ಕರಿಯಣ್ಣನನ್ನು ಒಪ್ಪಿಸಿ, ಬೀಗದ ಕೈ ಕಳಿಸಿ. ಉಳಿದ ವಿಚಾರ ಆಮೇಲೆ. ತಗಡು ಇಲ್ಲಿ ನಾನು ಕಟ್ಟಿಸಿದ ಹೊಸ ಮನೆಯ ಕೊಟ್ಟಿಗೆ, ಉಗ್ರಾಣಗಳಿಗೆ ಹೊದಿಸಿ ಆಗಿದೆ, ಬಿಚ್ಚಲಾಗದು. ಸಂಕ್ರಾಂತಿಯ ದಿನ, ೧೪ನೇ ತಾರೀಖು ಗುರುವಾರ, ಗೃಹಪ್ರವೇಶ. ಹಾಲು ಉಕ್ಕಿಸುವುದು ಮುತ್ತೈದೆಯರ ಕಾರ್ಯವಾದ್ದರಿಂದ ತಾವು ಒಂದೆರಡು ದಿನ ಬಿಟ್ಟು ಬಂದರೆ ಸಾಕು.

ಷಡಕ್ಷರಪ್ಪ


ತುಂಗಾ ದಡ
೮ ಜನವರಿ ೧೯೩೨, ಶುಕ್ರವಾರ

ಷಡಕ್ಷರಪ್ಪ,

ಕಾರ್ಡು ಬಂತು. ಕರಿಯಣ್ಣನಿಗೆ ಓದಿ ಹೇಳಿದೆ. ತಗಡು ಕೊಟ್ಟಿಗೆಗೆ ಎಂಬಲ್ಲಿ, "ದನ ಬೆಚ್ಚಗಿರ್ಲಿ ಬಿಡಿ ಪಾಪ," ಎಂದ. ಅವನನ್ನು ಒಪ್ಪಿಸುವುದಿಲ್ಲ. ಹಿಡಿಯುವವರು ಬರಲಿ. ಈ ಮರಳಿನ ಮೇಲೆ ಜ್ವರದವರನ್ನು ದಾಟಿಕೊಂಡು ಬಂದು ಹಿಡಿಯಲಿ. ಬಿಡಿಸಿದ್ದೇನೆ ಎಂದು ನೀನು ಬರೆದ ಗರಡಿಯವರೇ ನಿನ್ನೆ ಸೇತುವೆಯ ಮೇಲೆ ನಿಂತು ನೋಡಿದರು, ಕೆಳಗೆ ಇಳಿಯಲಿಲ್ಲ. ಕಲ್ಲು ಎಸೆದು ಹೋದರು. ಒಂದು ಕಲ್ಲು ಆಗ ತಾನೇ ಸತ್ತವನೊಬ್ಬನ ಹೆಣದ ಮೇಲೆಯೇ ಬಿತ್ತು.

ಅಕ್ಷರ ಇನ್ನಷ್ಟು ಸೊಟ್ಟಗಿದೆ. ಬಲಗೈ ಎತ್ತಲು ಆಗುತ್ತಿಲ್ಲ. ನಿನ್ನೆಯಿಂದ ಕಂಕುಳಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿದೆ. ಅಯ್ಯೋ ಎನ್ನಬೇಡ. ಮೊದಲ ಹೊಗೆಗೆ ನನ್ನನ್ನು ಕಳಿಸುವುದೇ ಇದಕ್ಕಾಗಿ. ನಾಲ್ಕನೇ ಸಲಕ್ಕೆ ಪದ್ಧತಿ ತನ್ನ ಕೆಲಸ ಮಾಡಿದೆ, ಅದಕ್ಕೆ ನಾನು ಜಗಳವಾಡುವುದಿಲ್ಲ. ಆದರೆ ಪದ್ಧತಿಯಲ್ಲಿ ಹೋಗಬೇಕಾದವಳು ನಾನೊಬ್ಬಳು. ನನ್ನ ಹಿಂದೆ ನೀನು ಕಳಿಸಿದ್ದು ಬಸುರಿಯನ್ನು, ಮಕ್ಕಳನ್ನು. ಅವರ ಜೀವವನ್ನು ನಿನ್ನ ಭತ್ತಕ್ಕೆ ಕಾವಲು ಇಟ್ಟೆ.

ಈಗ ಸರಿಯಾಗಿ ಓದಿಕೋ.

ನಿನ್ನ ಹೊಸ ಮನೆಗೆ ಹಾಲು ಉಕ್ಕಿಸಲು ನಾನೇ ಬರುತ್ತೇನೆ. ನನ್ನ ಕಂಬಳಿ, ಹಾಸಿಗೆ, ಉಟ್ಟ ಸೀರೆ ಸಮೇತ ಬರುತ್ತೇನೆ. ಪ್ರೇಮಮ್ಮ ಮಲಗಿದ್ದ ಚಾಪೆಯೂ ನನ್ನ ಬಳಿ ಇದೆ. ನಡೆಯಲಾರೆ, ಕರಿಯಣ್ಣ ಸ್ಟೇಷನ್ನಿನ ತನಕ ಹೊತ್ತುಕೊಂಡು ಬರುತ್ತಾನೆ. "ಭತ್ತದ ಮೂಟೆಗಿಂತ ಹಗುರ ಇದೀರಿ, ಎಲ್ಲಿಗಂದ್ರೆ ಅಲ್ಲಿಗೆ ಬರ್ತೀನಿ," ಎಂದಿದ್ದಾನೆ. ನಿನ್ನ ಊರಿನ ಸ್ಟೇಷನ್ನಿನಲ್ಲಿ ಕೂಲಿಯವರ ಕಂಕುಳು ಮುಟ್ಟಿ ನೋಡಲಿ. ನಾನು ನಿನ್ನ ಹೆಸರು ಹೇಳುತ್ತೇನೆ. ಷಡಕ್ಷರಪ್ಪನ ಅಕ್ಕನ ಕಂಕುಳು ಯಾರೂ ಮುಟ್ಟುವುದಿಲ್ಲ ಎಂದು ನೀನೇ ಬರೆದಿದ್ದೀಯ.

ಬಾಗಿಲು ಹಾಕಿಕೊಂಡರೆ ಹೊಸ್ತಿಲ ಮೇಲೆ ಕೂರುತ್ತೇನೆ. ಬಂದ ನೆಂಟರೆಲ್ಲ ನನ್ನನ್ನು ದಾಟಿಕೊಂಡು ಒಳಗೆ ಬರಲಿ. ದಾಕ್ಷಾಯಣಿ ನನ್ನ ದನಿ ಕೇಳಿದರೆ ಓಡಿ ಬಂದು ತೊಡೆಯ ಮೇಲೆ ಕೂರುತ್ತಾಳೆ. ಅವಳು ಯಾವಾಗಲೂ ಹಾಗೆಯೇ. ಅವಳನ್ನು ಹಿಡಿದುಕೊಳ್ಳುವುದು ನಿನ್ನ ಕೆಲಸ, ನಾನು ದೂಡುವುದಿಲ್ಲ. ಕರಿಯಣ್ಣನ ಮಗುವನ್ನು ಯಾರೂ ಹಿಡಿದುಕೊಳ್ಳಲಿಲ್ಲ.

ಇದೆಲ್ಲ ಬರೀ ಬಾಯಿಮಾತು ಎಂದುಕೊಳ್ಳಬೇಡ. ನಾನು ಸ್ಲೇಟು ಎತ್ತಿದಾಗ ಮೇಷ್ಟ್ರೂ ಹಾಗೆಯೇ ಅಂದುಕೊಂಡಿದ್ದರು.

ತಗಡು, ಡಾಕ್ಟರು, ಸೂಜಿಯ ಅಕ್ಕಿ ಈ ಮರಳಿಗೆ ಬಂದರೆ ಬೀಗದ ಕೈ ಕಳಿಸಿ, ಇಲ್ಲೇ ಇವರ ನಡುವೆ ಸಾಯುತ್ತೇನೆ. ಬರದಿದ್ದರೆ ಬುಧವಾರದ ರೈಲಿನಲ್ಲಿ ಬರುತ್ತೇನೆ, ಗುರುವಾರ ನಿನ್ನ ಒಲೆಯ ಮೊದಲ ಹೊಗೆ ನನ್ನದು.

ಮಂಗಳವಾರ, ಜನವರಿ ಹನ್ನೆರಡನೇ ತಾರೀಖಿನೊಳಗೆ ಉತ್ತರ ಬೇಕು.

ಜಗದಾಂಬಾ